ಒಂದು ಮಾರು ದೂರದಿಂದ

ಕ್ಯಾಮೆರಾ ಹೆಗಲಿಗೇರಿಸಿಕೊಂಡು ನಮ್ಮ ಸೀಮೆಗೆ ಬರುವವರಲ್ಲಿ ಹೆಚ್ಚಿನವರು ಹುಲಿಗಾಗಿ ಬರುತ್ತಾರೆ. ಬೆಳಗಿನ ಜಾವ ಎಚ್.ಡಿ. ಕೋಟೆಯಾಚೆ ದಮ್ಮನಕಟ್ಟೆಯ ಸಫಾರಿ ಕೇಂದ್ರದಲ್ಲಿ ನಿಂತು ನೋಡಿ. ಸ್ವೆಟರು, ಮಂಕಿ ಟೋಪಿ ಹಾಕಿಕೊಂಡವರ ಮಡಿಲಲ್ಲಿ 400 ಮಿಲಿಮೀಟರಿನ, 600 ಮಿಲಿಮೀಟರಿನ ಲೆನ್ಸುಗಳು ಕೂತಿರುತ್ತವೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ದಡಕ್ಕೆ ಇಳಿಯುವ ಆನೆ ಹಿಂಡನ್ನು, ಮತ್ತಿಮರದ ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಮಲಗಿದ ಚಿರತೆಯನ್ನು ಹಿಡಿಯಲು ಅಷ್ಟು ಉದ್ದ ಬೇಕೇ ಬೇಕು. ಹುಣಸೂರು ಕಡೆಯ ವೀರನಹೊಸಹಳ್ಳಿ ಗೇಟಿನಲ್ಲೂ ಇದೇ ನೋಟ. ಕಾಡುಪ್ರಾಣಿಯ ಹತ್ತಿರ ಹೋಗುವುದು ಅದಕ್ಕೂ ಹಿಂಸೆ, ನಮಗೂ ಅಪಾಯ. ಅಲ್ಲಿ ದೂರ ನಿಲ್ಲುವುದೇ ಧರ್ಮ.

ನಾನು ಬರೆಯಹೊರಟಿರುವುದು ಆ ಸಫಾರಿ ಜೀಪಿನಲ್ಲಿ ಕೂತರೆ ಯಾವ ಕೆಲಸಕ್ಕೂ ಬಾರದ ಎರಡು ಕ್ಯಾಮೆರಾಗಳ ವಿಷಯ. ಒಂದು, ಅಂಗಿಯ ಜೇಬಿಗೆ ಇಳಿಯುವ ಕಾಂಪ್ಯಾಕ್ಟ್. ಇನ್ನೊಂದು, ವೃತ್ತಿಯವರು ಬಳಸುವ ಫುಲ್‌ಫ್ರೇಮ್ ರೇಂಜ್‌ಫೈಂಡರ್. ಎರಡೂ ಮನುಷ್ಯರ ನಡುವೆ ಓಡಾಡುವ ಯಂತ್ರಗಳು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ಊರುಗಳ ನಡುವೆ ಕೆಂಪು ಬಸ್ಸಿನಲ್ಲೂ ಬೈಕಿನಲ್ಲೂ ಅಲೆಯುತ್ತ ನಾನು ಇವೆರಡನ್ನೂ ಬಳಸಿದ್ದೇನೆ. ಯಾವುದು ಮೇಲು ಎಂದು ಕೇಳುವವರಿಗೆ ಒಂದೇ ಮಾತಿನ ಉತ್ತರ ಕೊಡಲು ಆಗದು. ಆದರೆ ಎರಡರಿಂದಲೂ ಕಲಿತದ್ದು ನಿಚ್ಚಳವಾಗಿದೆ, ಅದನ್ನು ಹೇಳಬಲ್ಲೆ.

ನನ್ನದು ಸೋನಿ ಆರ್‌ಎಕ್ಸ್ 100. 2012ರಲ್ಲಿ ಬಂದ ಮಾದರಿ. ಬ್ಯಾಟರಿ, ಕಾರ್ಡು ಸೇರಿ 240 ಗ್ರಾಂ. ಆನ್ ಮಾಡಿದರೆ ಲೆನ್ಸು ತಾನಾಗಿ ಹೊರಬರುತ್ತದೆ, ಆಫ್ ಮಾಡಿದರೆ ಒಳಗೆ ಸರಿದು ಮುಚ್ಚಿಕೊಳ್ಳುತ್ತದೆ. ಇನ್ನೊಂದು ನಮ್ಮ ಭಾವನವರದು, 2017ರ ಲೈಕಾ ಎಂ10. ಜರ್ಮನಿಯಲ್ಲಿ ಕೆಲಸದಲ್ಲಿರುವ ಅವರು ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಕೊಂಡದ್ದು. ಒಮ್ಮೆ ಊರಿಗೆ ಬಂದು ವಾಪಸು ಹೊರಟಾಗ, "ಮುಂದಿನ ಸಲ ಬರೋವರೆಗೂ ನಿನ್ನ ಹತ್ರಾನೇ ಇರ್ಲಿ, ನಮ್ಮೂರನ್ನ ಇದರಲ್ಲೂ ಒಂದು ಸಲ ನೋಡು" ಎಂದು ನನ್ನ ಕೈಗಿಟ್ಟರು. ಬಾಡಿ 660 ಗ್ರಾಂ, ಮುಂದಿನ 35 ಮಿಲಿಮೀಟರ್ ಲೆನ್ಸು ಸೇರಿದರೆ ಹತ್ತಿರ ಹತ್ತಿರ ಒಂದು ಕೆ.ಜಿ. ಆಟೋಫೋಕಸ್ ಇಲ್ಲ, ಜೂಮ್ ಇಲ್ಲ, ವಿಡಿಯೊ ಇಲ್ಲ. ಬೆಲೆ ಮಾತ್ರ ಹಲವು ಲಕ್ಷ.

ಮೆಗಾಪಿಕ್ಸೆಲ್ ಲೆಕ್ಕ ಹಿಡಿದರೆ ಇವೆರಡೂ ಅಕ್ಕಪಕ್ಕದವು. ಸೋನಿಯದು 20, ಲೈಕಾದು 24. ವ್ಯತ್ಯಾಸ ಇರುವುದು ಬೆಳಕು ಬೀಳುವ ಸೆನ್ಸರಿನ ಅಳತೆಯಲ್ಲಿ. ಜೇಬಿನ ಕ್ಯಾಮೆರಾದ ಸೆನ್ಸರು 13.2 ಮಿಲಿಮೀಟರ್ ಅಗಲ, 8.8 ಮಿಲಿಮೀಟರ್ ಎತ್ತರ. ಫುಲ್‌ಫ್ರೇಮಿನದು 36 ಅಗಲ, 24 ಎತ್ತರ. ಗುಣಿಸಿ ನೋಡಿದರೆ ಒಂದು 116 ಚದರ ಮಿಲಿಮೀಟರ್, ಇನ್ನೊಂದು 864. ಏಳು ಪಟ್ಟಿಗೂ ಹೆಚ್ಚು. ಚಿತ್ರದ ಚುಕ್ಕೆಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದ್ದು, ಬೆಳಕು ಹಿಡಿಯುವ ಜಾಗ ಏಳು ಪಟ್ಟಾದರೆ, ಒಂದೊಂದು ಚುಕ್ಕೆಗೂ ಸಿಗುವ ಬೆಳಕು ಹೆಚ್ಚುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಇದರಿಂದ ಅಂಥ ಲಾಭವೇನೂ ಕಾಣುವುದಿಲ್ಲ. ದೀಪ ಹಚ್ಚುವ ಹೊತ್ತಾದ ಮೇಲೆ ಕಾಣುತ್ತದೆ.

ಹೊಗೆಸೊಪ್ಪಿನ ಬ್ಯಾರನ್ನಿಗೆ ಹೋದಾಗ ಅದು ನನಗೆ ಮನದಟ್ಟಾಯಿತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮುಂಗಾರಿನ ಮೊದಲ ಮಳೆಗೆ ಸಸಿ ನೆಟ್ಟವರು ಆಷಾಢ, ಶ್ರಾವಣದ ಹೊತ್ತಿಗೆ ಸೊಪ್ಪು ಮುರಿಯತೊಡಗುತ್ತಾರೆ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಎತ್ತರದ ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕಿ, ಕೆಳಗಿನ ಒಲೆಗೆ ಸೌದೆ ಒಟ್ಟುತ್ತಾರೆ. ಹೊಗೆ ಒಳಗೆ ನುಗ್ಗಬಾರದು, ಬಿಸಿ ಮಾತ್ರ ಕೊಳವೆಗಳ ಮೂಲಕ ಹರಿಯಬೇಕು. ಮೊದಲು 90, 100 ಡಿಗ್ರಿ ಫ್ಯಾರನ್‌ಹೀಟ್ ಸುಮಾರಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಬಣ್ಣ ನಿಲ್ಲಬೇಕು. ಕೊನೆಗೆ 160ರ ಹತ್ತಿರಕ್ಕೆ ಏರಿಸಿ ದಂಟು ಒಣಗಿಸಬೇಕು. ಐದಾರು ದಿನದ ಕೆಲಸ. ಶಾಖ ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಹರಾಜಿನಲ್ಲಿ ಬೇಲಿಗೆ ಬೆಲೆ ಬೀಳುತ್ತದೆ. ಹಾಗಾಗಿ ಮನೆಯವರು ಸರದಿಯ ಮೇಲೆ ರಾತ್ರಿಯೆಲ್ಲ ಒಲೆ ಮುಂದೆ ಎದ್ದಿರುತ್ತಾರೆ.

ಅಂಥ ಒಂದು ರಾತ್ರಿ ಹುಣಸೂರಿನ ಆಚೆಯ ಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯ ತಂದೆ ಗೌಡರೊಡನೆ ಕೂತಿದ್ದೆ. ಬೆಳಕು ಎಂದರೆ ಒಲೆ ಬಾಯಿಯ ಕೆಂಡ, ಗೋಡೆಗೆ ಸಿಕ್ಕಿಸಿದ ಒಂದು ಸಣ್ಣ ಬಲ್ಬು. ಎರಡೂ ಕ್ಯಾಮೆರಾ ಚೀಲದಲ್ಲಿದ್ದವು. ಮೊದಲು ಸೋನಿ ತೆಗೆದೆ. ಫೋಕಸ್ ಹುಡುಕಲು ಅದರ ಕಿತ್ತಳೆ ದೀಪ ಗೌಡರ ಮುಖದ ಮೇಲೆ ಹೊಳೆಯಿತು. ಅವರು ಕಣ್ಣು ಕಿರಿದು ಮಾಡಿಕೊಂಡು ನೆಟ್ಟಗೆ ಕೂತರು. ಆ ದೀಪವನ್ನು ಆರಿಸಿಡಬಹುದು, ಆರಿಸಿದೆ. ಚಿತ್ರವೂ ಬಂತು. ಆದರೆ ಗೌಡರ ಬೆನ್ನ ಹಿಂದಿನ ಮಣ್ಣಿನ ಗೋಡೆಯ ಕಪ್ಪಿನಲ್ಲಿ ಕಾಳುಕಾಳು ಎದ್ದಿತ್ತು, ಕೆಂಡದ ಕೆಂಪು ಬೆಳ್ಳಗಾಗಿ ಹೋಗಿತ್ತು. ಆಮೇಲೆ ಲೈಕಾ ಹಿಡಿದೆ. ಕಿಂಡಿಯ ನಡುವಿನ ಸಣ್ಣ ಚೌಕದಲ್ಲಿ ಗೌಡರ ರುಮಾಲಿನ ಅಂಚು ಎರಡಾಗಿ ಕಾಣುತ್ತಿತ್ತು. ಲೆನ್ಸಿನ ಬಳೆ ತಿರುಗಿಸುತ್ತ ಎರಡು ಅಂಚನ್ನೂ ಒಂದು ಮಾಡಿದೆ. ಕ್ಯಾಮೆರಾದಲ್ಲಿ ಏಳುಬೀಳುವ ಕನ್ನಡಿ ಇಲ್ಲದ್ದರಿಂದ ಸೆಕೆಂಡಿನ ಹದಿನೈದನೇ ಒಂದು ಭಾಗದ ನಿಧಾನ ಶಟರನ್ನೂ ಉಸಿರು ಬಿಗಿಹಿಡಿದು ಕೈಯಲ್ಲೇ ನಿಭಾಯಿಸಬಹುದು. ಗೌಡರಿಗೆ ನಾನು ಚಿತ್ರ ತೆಗೆದದ್ದೇ ಗೊತ್ತಾಗಲಿಲ್ಲ. "ಇನ್ನೂ ನೋಡ್ತಾನೇ ಇದ್ದೀರಲ್ಲ ಮೇಷ್ಟ್ರೇ, ತಗೀರಿ" ಎಂದರು. ಆ ಚಿತ್ರದಲ್ಲಿ ಗೋಡೆಯ ಮಣ್ಣು ಮಣ್ಣಾಗಿದೆ, ಕೆಂಡ ಕೆಂಡವಾಗಿದೆ, ನಿದ್ದೆಗೆಟ್ಟ ಆ ಮುಖದಲ್ಲಿ ಸೊಪ್ಪಿನ ಚಿಂತೆ ಇದೆ.

ಈ ರೇಂಜ್‌ಫೈಂಡರ್ ಕೆಲಸ ಮಾಡುವ ರೀತಿ ನನಗೆ ಇಂದಿಗೂ ಬೆರಗು. ಕ್ಯಾಮೆರಾದ ಮುಂಭಾಗದಲ್ಲಿ ಎರಡು ಕಿಂಡಿ. ಒಂದರಿಂದ ನಾವು ನೋಡುತ್ತೇವೆ. ಅದರಿಂದ ಸುಮಾರು 69 ಮಿಲಿಮೀಟರ್ ಆಚೆಗಿರುವ ಇನ್ನೊಂದು ಕಿಂಡಿ ಅದೇ ವಸ್ತುವನ್ನು ಸ್ವಲ್ಪ ಓರೆಯಿಂದ ನೋಡಿ, ತಾನು ಕಂಡ ಬಿಂಬವನ್ನು ನಮ್ಮ ಕಿಂಡಿಯ ನಡುವಿಗೆ ತಂದು ಬಿಡುತ್ತದೆ. ನಮ್ಮ ಎರಡು ಕಣ್ಣು ಸೇರಿ ದೂರ ಅಂದಾಜು ಮಾಡುವಂತೆಯೇ ಇದು. ಲೆನ್ಸಿನ ಹಿಂಬದಿಗೆ ಒತ್ತಿಕೊಂಡಿರುವ ಒಂದು ಪುಟ್ಟ ಉರುಳೆ, ನಾವು ಬಳೆ ತಿರುಗಿಸಿದಷ್ಟೂ ಸರಿದು ಆ ಎರಡನೆಯ ಬಿಂಬವನ್ನು ಸರಿಸುತ್ತದೆ. ಎರಡು ಬಿಂಬ ಕೂಡಿದ ಕಡೆ ಫೋಕಸ್. ಈ ಕೂಡಿಸುವಿಕೆಗೆ ಕರೆಂಟು ಬೇಡ, ಲೆಕ್ಕ ಹಾಕುವ ಚಿಪ್ ಬೇಡ. ಬೇಕಾದದ್ದು ನೋಡುವವನ ಗಮನ.

ಇದಕ್ಕಿಂತ ದೊಡ್ಡ ಗುಣ ಆ ಕಿಂಡಿಯ ಅಗಲದಲ್ಲಿದೆ. ಚಿತ್ರದಲ್ಲಿ ಎಷ್ಟು ಬರುತ್ತದೆ ಎಂಬುದನ್ನು ಬೆಳ್ಳಗೆ ಹೊಳೆಯುವ ಗೆರೆಗಳು ತೋರಿಸುತ್ತವೆ. ಗೆರೆಯ ಆಚೆಯೂ ಲೋಕ ಕಾಣುತ್ತಿರುತ್ತದೆ. ಎಡಗಡೆಯಿಂದ ಸೈಕಲ್ಲು ಬರುತ್ತಿದೆ, ಬಾಗಿಲಿಂದ ಮಗು ಓಡಿಬರಲಿದೆ ಎಂಬುದು ಅವು ಚೌಕಟ್ಟಿನೊಳಗೆ ಬರುವ ಮೊದಲೇ ತಿಳಿಯುತ್ತದೆ. ಕಾಂಪ್ಯಾಕ್ಟಿನ ಮೂರಿಂಚಿನ ಪರದೆಯಲ್ಲಿ ಕಾಣುವುದು ಆಗಲೇ ಚಿತ್ರವಾಗಿಬಿಟ್ಟ ಲೋಕ. ಅಲ್ಲಿ ಬೇಡವಾದದ್ದನ್ನು ತೆಗೆಯುವುದು ಸುಲಭ, ಬರಲಿರುವುದನ್ನು ಎದುರು ನೋಡುವುದು ಕಷ್ಟ. ಆ ಅಗಲ ನೋಟದ ಬೆಲೆಯನ್ನೂ ರೇಂಜ್‌ಫೈಂಡರ್ ವಸೂಲು ಮಾಡುತ್ತದೆ. ಅದರ ಕಿಂಡಿಯಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ, ಯಾವುದು ಮಸುಕಾಗುತ್ತದೆ ಎಂಬುದನ್ನು ನಾವೇ ಊಹಿಸಬೇಕು. 70 ಸೆಂಟಿಮೀಟರಿಗಿಂತ ಹತ್ತಿರದ್ದಕ್ಕೆ ಬಿಂಬ ಕೂಡುವುದಿಲ್ಲ. ಗೆರೆಗಳು 135 ಮಿಲಿಮೀಟರ್ ಲೆನ್ಸಿಗೆ ಮುಗಿಯುತ್ತವೆ. ಸೊಪ್ಪಿನ ಮೇಲಿನ ಹುಳುವೂ ಅದಕ್ಕಿಲ್ಲ, ಕಾಡಿನ ಹುಲಿಯೂ ಇಲ್ಲ. ಮಾತಾಡಿದರೆ ಕೇಳಿಸುವಷ್ಟು ದೂರದ ಮನುಷ್ಯನೇ ಅದರ ವಸ್ತು.

ಇನ್ನು ಜೇಬಿನದರ ಮಾತು. ಅದರ ಬಲ ನನಗೆ ತಿಳಿದದ್ದು ಚುಂಚನಕಟ್ಟೆಯಲ್ಲಿ. ಕಾವೇರಿ ಬಂಡೆಗಳ ಮೇಲಿಂದ ಧುಮುಕುವ ಆ ಊರು ಕೆ.ಆರ್. ನಗರ ತಾಲ್ಲೂಕಿನಲ್ಲಿತ್ತು, ಈಗ ಸಾಲಿಗ್ರಾಮ ತಾಲ್ಲೂಕಿಗೆ ಸೇರಿದೆ. ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿರುವುದನ್ನು ನೋಡಲೆಂದೇ ದೂರದವರು ಬರುತ್ತಾರೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಅಲ್ಲಿ ದನಗಳ ಜಾತ್ರೆ ಸೇರುತ್ತದೆ. ಮೈ ತೊಳೆಸಿಕೊಂಡ ಹಳ್ಳಿಕಾರ್ ಜೋಡಿಗಳು, ಹಗ್ಗ, ಗಂಟೆ, ಬಾರುಕೋಲು ಮಾರುವವರು, ಬಾಯಿ ಬಿಡಿಸಿ ಹಲ್ಲು ಎಣಿಸುವವರು, ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವವರು. ಧೂಳು ಮೊಣಕಾಲೆತ್ತರಕ್ಕೆ ಏಳುತ್ತಿರುತ್ತದೆ. ಇಲ್ಲಿ ಯಾವುದೂ ಒಂದು ಗಳಿಗೆ ನಿಲ್ಲುವುದಿಲ್ಲ.

ಚಿಕ್ಕ ಸೆನ್ಸರಿನ ಕೊರತೆ ಇಲ್ಲಿ ಅನುಕೂಲವಾಗುತ್ತದೆ. ಲೈಕಾದ 35 ಮಿಲಿಮೀಟರ್ ಲೆನ್ಸನ್ನು ಎಫ್/2ಕ್ಕೆ ಪೂರ್ತಿ ತೆರೆದು ಎರಡು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಬರುವ ಪದರ ಸುಮಾರು 40 ಸೆಂಟಿಮೀಟರ್ ಮಾತ್ರ. ಅದೇ ದೂರದಲ್ಲಿ ಜೇಬಿನ ಕ್ಯಾಮೆರಾ ತನ್ನ ಅಗಲದ ತುದಿಯಲ್ಲಿ, ಎಫ್/1.8ರಲ್ಲೂ ಒಂದೂವರೆ ಮೀಟರಿಗಿಂತ ಹೆಚ್ಚು ಆಳವನ್ನು ಸ್ಪಷ್ಟವಾಗಿಡುತ್ತದೆ. ಎಫ್/4ಕ್ಕೆ ಇಳಿಸಿ ಎರಡೂವರೆ ಮೀಟರಿಗೆ ಫೋಕಸ್ ಇಟ್ಟುಬಿಟ್ಟರೆ, ಒಂದೂಕಾಲು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ನಿಚ್ಚಳ. ಎತ್ತಿನ ಕೊಂಬಿನಿಂದ ಹಿಡಿದು ಹಿಂದಿನ ಗುಡಿಯ ಗೋಪುರದವರೆಗೆ ಒಂದೇ ಚಿತ್ರದಲ್ಲಿ ಬರುತ್ತದೆ. ರೇಂಜ್‌ಫೈಂಡರಿನಲ್ಲೂ ಈ ಉಪಾಯ ಉಂಟು. ಎಫ್/8ರಲ್ಲಿ ಐದು ಮೀಟರಿಗೆ ಬಳೆ ನಿಲ್ಲಿಸಿದರೆ ಎರಡೂವರೆ ಮೀಟರಿನಾಚೆಗೆ ಎಲ್ಲವೂ ಸಿಗುತ್ತದೆ. ಆದರೆ ಜಾತ್ರೆಯಲ್ಲಿ ಎರಡೂವರೆ ಮೀಟರ್ ಎಂದರೆ ನಡುವೆ ಇನ್ನಿಬ್ಬರು ಬಂದು ನಿಲ್ಲುವ ಜಾಗ.

ಅನುಕೂಲ ಅಷ್ಟಕ್ಕೇ ನಿಲ್ಲುವುದಿಲ್ಲ. ಪುಟ್ಟ ಕ್ಯಾಮೆರಾ ನೋಡಿದರೆ ಜನ ಬಿಗಿಯುವುದಿಲ್ಲ. ಎದೆಯ ಮಟ್ಟದಲ್ಲಿ ಹಿಡಿದು, ಮುಖ ಮರೆಮಾಡದೆ ಮಾತಾಡುತ್ತಲೇ ಚಿತ್ರ ತೆಗೆಯಬಹುದು. ಗಂಟೆ ಮಾರುತ್ತಿದ್ದ ಅಜ್ಜಿಯೊಬ್ಬರು, "ಅಯ್ಯೋ ಕಂದ, ಈ ಮುದುಕಿ ಪಟ ನಿಂಗ್ಯಾಕಪ್ಪ" ಎಂದರು. "ನಮ್ಮಜ್ಜಿ ಥರಾನೇ ಇದ್ದೀರಿ" ಎಂದೆ. ನಕ್ಕರು. ನಕ್ಕದ್ದು ಚಿತ್ರದಲ್ಲಿದೆ. ಪರದೆಯಲ್ಲಿ ತೋರಿಸಿದಾಗ ಸುತ್ತ ನೆರೆದ ಹುಡುಗರೆಲ್ಲ ತಮ್ಮದೂ ತೆಗೆಯಿರಿ ಎಂದು ದುಂಬಾಲು ಬಿದ್ದರು, ಒಂದು ಗಳಿಗೆಯಲ್ಲಿ ನಾನು ಅವರಿಗೆ ಬೇಕಾದವನಾದೆ. ಲೈಕಾ ಹಿಡಿದು ಹೋದ ದಿನ ಎತ್ತಿನ ವ್ಯಾಪಾರಿಯೊಬ್ಬರು ಅದನ್ನು ತಿರುಗಿಸಿ ನೋಡಿ, "ಎಷ್ಟಾಯ್ತದೆ ಸಾ ಇದು?" ಎಂದು ಕೇಳಿದ್ದರು. ಹೇಳಿದೆ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಎರಡು ಜೊತೆ ಒಳ್ಳೇ ಎತ್ತು ಬತ್ತವೆ" ಎಂದು ಜೋಪಾನವಾಗಿ ಹಿಂತಿರುಗಿಸಿದರು. ಆ ಲೆಕ್ಕ ಸರಿಯಾದ ಲೆಕ್ಕ. ಬೆಲೆಬಾಳುವ ವಸ್ತು ಕೊರಳಲ್ಲಿ ನೇತಾಡುತ್ತಿದ್ದರೆ ನಡುವೆ ಒಂದು ಅಂತರ ತಾನಾಗಿ ಹುಟ್ಟುತ್ತದೆ, ಅದನ್ನು ಮಾತಿನಿಂದಲೇ ದಾಟಬೇಕು.

ಧೂಳಿನ ವಿಷಯವನ್ನೂ ಹೇಳಿಬಿಡುತ್ತೇನೆ, ಕೊಳ್ಳುವವರಿಗೆ ಅದು ಬೇಕು. ಜೇಬಿನ ಕ್ಯಾಮೆರಾದ ಲೆನ್ಸು ಒಳಗೆ ಹೊರಗೆ ಸರಿಯುವುದರಿಂದ ಜಾತ್ರೆಯ ಧೂಳು ಅದರೊಡನೆ ಒಳಕ್ಕೆ ಹೋಗುತ್ತದೆ. ಒಮ್ಮೆ ಸೆನ್ಸರಿನ ಮೇಲೆ ಕೂತರೆ ಬಿಚ್ಚಿ ಒರೆಸಲು ನಮ್ಮಿಂದಾಗದು, ರಿಪೇರಿಯವರ ಹತ್ತಿರವೇ ಹೋಗಬೇಕು. ರೇಂಜ್‌ಫೈಂಡರಿನ ಲೆನ್ಸು ಕಳಚಬಹುದಾದ್ದರಿಂದ ಒಳಗಿನ ಧೂಳನ್ನು ಊದಿ ತೆಗೆಯಬಹುದು. ಆದರೆ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಗುಡಿಗೆ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತುವ ದಿನ ನಾನು ಜೇಬಿನದನ್ನೇ ಒಯ್ಯುತ್ತೇನೆ. ಮೇಲೆ ತಲುಪುವ ಹೊತ್ತಿಗೆ ಚಿತ್ರ ತೆಗೆಯುವ ಹುಮ್ಮಸ್ಸು ಉಳಿದಿರಬೇಕಲ್ಲ.

ಬೈಲಕುಪ್ಪೆಯಲ್ಲಿ ಎರಡರ ತೂಕವೂ ಒಂದೇ ಅಂಗಳದಲ್ಲಿ ಗೊತ್ತಾಗುತ್ತದೆ. 1959ರ ನಂತರ ಟಿಬೆಟಿನಿಂದ ಬಂದವರಿಗೆ ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಜಾಗ ಕೊಟ್ಟಿತು, ವಸತಿ 1961ರ ಸುಮಾರಿಗೆ ನೆಲೆಗೊಂಡಿತು. 1963ರಲ್ಲಿ ಪೆನೋರ್ ರಿನ್‌ಪೋಚೆ ನಾಮ್‌ಡ್ರೋಲಿಂಗ್ ಮಠ ಕಟ್ಟಲು ಶುರುಮಾಡಿದರು, ಈಗ ಎಲ್ಲರೂ ಗೋಲ್ಡನ್ ಟೆಂಪಲ್ ಎನ್ನುವ ದೇಗುಲ 1999ರಲ್ಲಿ ತೆರೆಯಿತು. ಟಿಬೆಟಿಯನ್ನರ ಹೊಸವರ್ಷವಾದ ಲೋಸಾರ್ ಹಬ್ಬದ ದಿನಗಳಲ್ಲಿ ಬಯಲಲ್ಲಿ ಮುಖವಾಡದ ಕುಣಿತ ನಡೆಯುವಾಗ ಬಿಸಿಲು ಬೇಕಾದಷ್ಟಿರುತ್ತದೆ. ಸ್ವಲ್ಪ ಜೂಮ್ ಇರುವ ಜೇಬಿನ ಕ್ಯಾಮೆರಾ ಅಲ್ಲಿ ಹೇಳಿ ಮಾಡಿಸಿದ್ದು. ಪ್ರಾರ್ಥನೆಯ ಒಳಾಂಗಣಕ್ಕೆ ಕಾಲಿಟ್ಟರೆ ಬೆಣ್ಣೆದೀಪದ ಸಾಲು, ಕಂದುಗೆಂಪು ಬಟ್ಟೆಯ ನೂರಾರು ಭಿಕ್ಷುಗಳು, ಮೇಲಿನ ಕಿಟಕಿಯಿಂದ ಬೀಳುವ ಒಂದು ಬಿಸಿಲುಕೋಲು. ದೀಪದ ಜ್ವಾಲೆಯನ್ನೂ ನೆರಳಿನ ಬಟ್ಟೆಯ ಮಡಿಕೆಯನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ದೊಡ್ಡ ಸೆನ್ಸರಿಗೆ ಸುಲಭ, ಚಿಕ್ಕದಕ್ಕೆ ಕಷ್ಟ. ಅನುಮತಿ ಕೇಳಿದ ಮೇಲೆ, ಪ್ರಾರ್ಥನೆ ಮುಗಿದ ಮೇಲೆ ತೆಗೆದ ಕೆಲವು ಚಿತ್ರಗಳನ್ನು ನೋಡುವಾಗ ಭಾವನವರ ದುಡ್ಡು ಎಲ್ಲಿಗೆ ಹೋಯಿತು ಎಂಬುದು ನನಗೆ ಅರ್ಥವಾಯಿತು.

ಇಷ್ಟು ಹೇಳಿದ ಮೇಲೆ ಚರಿತ್ರೆಯ ಒಂದು ಸಂಗತಿ ನೆನೆಯಬೇಕು. ಇಂದು ವೃತ್ತಿಪರರ ಗತ್ತಿನ ವಸ್ತುವಾಗಿರುವ ಈ ಲೈಕಾ ಹುಟ್ಟಿದ್ದೇ ಜೇಬಿನ ಕ್ಯಾಮೆರಾ ಆಗಿ. ಜರ್ಮನಿಯ ವೆಟ್ಸ್ಲಾರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಉಬ್ಬಸದ ರೋಗಿ. ಗಾಜಿನ ಪ್ಲೇಟುಗಳ ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವರ ಕೈಲಾಗುತ್ತಿರಲಿಲ್ಲ. ಸಿನಿಮಾ ರೀಲನ್ನೇ ಅಡ್ಡಕ್ಕೆ ಓಡಿಸಿ, ಸಿನಿಮಾದ ಎರಡು ಚೌಕಟ್ಟು ಸೇರಿಸಿ 24ಕ್ಕೆ 36 ಮಿಲಿಮೀಟರಿನ ಒಂದು ಚೌಕಟ್ಟು ಮಾಡಿ 1914ರಲ್ಲಿ ಅವರು ಪುಟ್ಟ ಕ್ಯಾಮೆರಾ ತಯಾರಿಸಿದರು. 1925ರ ಲೈಪ್ಸಿಗ್ ಮೇಳದಲ್ಲಿ ಅದು ಮಾರಾಟಕ್ಕೆ ಬಂತು. ಈಗ ನಾವು ಫುಲ್‌ಫ್ರೇಮ್ ಎಂದು ಗೌರವದಿಂದ ಕರೆಯುವ ಅಳತೆ ಅಂದಿನ ಕಣ್ಣಿಗೆ ತೀರಾ ಸಣ್ಣದು. 1954ರ ಎಂ3 ಮಾದರಿಯ ಹೊತ್ತಿಗೆ ಇಂದಿನ ರೇಂಜ್‌ಫೈಂಡರಿನ ರೂಪ ಗಟ್ಟಿಯಾಯಿತು.

ಹಗುರಾದದ್ದರಿಂದಲೇ ಆ ಕ್ಯಾಮೆರಾ ಬೀದಿಗಿಳಿಯಿತು. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸೋನ್ ಅದೇ ಲೈಕಾ ಹಿಡಿದು 1947ರಲ್ಲಿ ಇಂಡಿಯಾಕ್ಕೆ ಬಂದರು, 1948ರ ಜನವರಿ 30ರಂದು ಗಾಂಧೀಜಿಯನ್ನು ಕಂಡು ಹೊರಬಂದ ಕೆಲ ಹೊತ್ತಿನಲ್ಲೇ ಆ ಹತ್ಯೆ ನಡೆಯಿತು. ಆ ರಾತ್ರಿಯ ದುಃಖವೂ ಮರುದಿನದ ಜನಸಾಗರವೂ ಅವರ ಚಿತ್ರಗಳಲ್ಲಿ ಹತ್ತಿರದಿಂದ ಉಳಿದಿವೆ. ನಮ್ಮವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ದೇಶವಿಡೀ ಸುತ್ತಿದರೂ ಅವರ ಕಣ್ಣು ನೆಟ್ಟದ್ದು ಸಾಮಾನ್ಯ ಜನರ ಮೇಲೆ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಯುನಿಸೆಫ್ ಅವರ ಮಕ್ಕಳ ಚಿತ್ರಗಳನ್ನು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿಸಿತು. ಕೊನೆಗಾಲದಲ್ಲಿ ಮೈಸೂರಿನಲ್ಲೇ ನೆಲೆಸಿ 2009ರಲ್ಲಿ ತೀರಿಕೊಂಡ ಅವರ ಚಿತ್ರಗಳನ್ನು ನೋಡುತ್ತ ಕೂತರೆ, ಯಾವುದೂ ಕದ್ದು ತೆಗೆದಂತೆ ಅನಿಸುವುದಿಲ್ಲ. ಚಿತ್ರದಲ್ಲಿರುವವರು ತೆಗೆಯುವವರನ್ನು ಒಪ್ಪಿಕೊಂಡಿದ್ದಾರೆ.

ನಮ್ಮ ಮನೆಗಳ ಚರಿತ್ರೆಯನ್ನು ಬರೆದದ್ದಾದರೂ ಜೇಬಿನ ಕ್ಯಾಮೆರಾಗಳೇ. ಒಂದು ರೋಲಿಗೆ ಹನ್ನೆರಡು ಚಿತ್ರ ಕೊಡುತ್ತಿದ್ದ ಆಗ್ಫಾ ಕ್ಲಿಕ್-3, ಎಂಬತ್ತರ ದಶಕದ ಹಾಟ್‌ಶಾಟ್, ಆಮೇಲೆ ಕೊಡಾಕ್ ಕೆಬಿ-10. ಶಾಲೆಯ ಪ್ರವಾಸ, ಅಕ್ಕನ ಆರತಿ, ಹೊಸ ಬಾವಿಯ ಪೂಜೆ, ಮೊದಲ ಟ್ರ್ಯಾಕ್ಟರಿನ ಮುಂದೆ ನಿಂತ ಅಪ್ಪ, ಎಲ್ಲವೂ ಅವುಗಳಲ್ಲೇ ಉಳಿದದ್ದು. ರೋಲು ತೊಳೆಯಲು ಹುಣಸೂರಿನ ಸ್ಟುಡಿಯೊಗೆ ಕೊಟ್ಟರೆ ಅದು ಮೈಸೂರಿಗೆ ಹೋಗಿ ಬರುವವರೆಗೂ ಮನೆಯವರೆಲ್ಲ ಕಾಯುತ್ತಿದ್ದೆವು. ಕೆ.ಆರ್. ನಗರದ ಒಂದು ಮನೆಯ ಗೋಡೆಯಲ್ಲಿ ಕಬಿನಿ ಅಣೆಕಟ್ಟು ಕಟ್ಟುವ ಕೆಲಸಕ್ಕೆ ಹೋಗಿದ್ದ ಯಜಮಾನರ ಮಸುಕು ಚಿತ್ರ ಇಂದಿಗೂ ಇದೆ. ಫೋಕಸ್ ಸರಿಯಿಲ್ಲ, ಚೌಕಟ್ಟು ಓರೆ. ಆದರೆ ಅದರ ಮುಂದೆ ಪ್ರತಿದಿನ ಹೂ ಬೀಳುತ್ತದೆ. ಸೆನ್ಸರಿನ ಅಳತೆ ಹಿಡಿದು ಆ ಚಿತ್ರಕ್ಕೆ ಬೆಲೆ ಕಟ್ಟುವ ಧೈರ್ಯ ನನಗಿಲ್ಲ.

ಫೋನು ಬಂದಮೇಲೆ ಇವೆರಡರ ಹಂಗೇಕೆ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಲೋಕವೂ ಅದನ್ನೇ ಕೇಳಿದೆ. 2010ರಲ್ಲಿ ಜಪಾನಿನ ಕ್ಯಾಮೆರಾ ಕಂಪನಿಗಳ ಸಂಘದ ಲೆಕ್ಕದಂತೆ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಯಿಂದ ಹೊರಟಿದ್ದವು, ಅವುಗಳಲ್ಲಿ ಬಹುಪಾಲು ಜೇಬಿನವೇ. 2020ರ ಹೊತ್ತಿಗೆ ಒಟ್ಟು ಸಂಖ್ಯೆ 90 ಲಕ್ಷಕ್ಕಿಂತ ಕೆಳಗಿಳಿಯಿತು. ಆದರೂ ನಾನು ಕ್ಯಾಮೆರಾ ಒಯ್ಯುತ್ತೇನೆ. ಫೋನಿನಲ್ಲಿ ಚಿತ್ರ ತೆಗೆಯುತ್ತಿರುವಾಗಲೇ ಕರೆ ಬರುತ್ತದೆ, ಮೆಸೇಜು ಬರುತ್ತದೆ, ಮನಸ್ಸು ಬೇರೆಲ್ಲಿಗೋ ಹೋಗುತ್ತದೆ. ಎದುರಿಗಿರುವವರಿಗೂ ಅದು ಗೊತ್ತಾಗುತ್ತದೆ. ಒಂದೇ ಕೆಲಸಕ್ಕೆಂದು ಮಾಡಿದ ಯಂತ್ರ ಕೈಯಲ್ಲಿದ್ದಾಗ ನಾನು ಅವರ ಮುಂದೆ ಪೂರ್ತಿ ಇರುತ್ತೇನೆ.

ಪೂರ್ತಿ ಇರುವುದು ಎಷ್ಟು ಮುಖ್ಯ ಎಂಬುದನ್ನು ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ ಕಂಡಿದ್ದೇನೆ. ಜೇನುಕುರುಬರು, ಕಾಡುಕುರುಬರು, ಯರವರು ಈ ಕಾಡಿನ ಅಂಚಿನಲ್ಲಿ ಬಾಳುತ್ತಿರುವವರು. ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಲದಲ್ಲಿ ಆನೆಗಳ ಜಾಡು ಹಿಡಿದು ಅಟ್ಟಿದವರು ಅವರ ಹಿರಿಯರು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು, ಕಬಿನಿ ಅಣೆಕಟ್ಟು 1974ರ ಹೊತ್ತಿಗೆ ಮುಗಿಯಿತು, ಬದುಕು ಬೇರೆಯಾಯಿತು. ಖೆಡ್ಡಾ ನೋಡಲು ವೈಸ್‌ರಾಯ್‌ಗಳು ಬಂದರು, ಚಿತ್ರಗಳು ಲೋಕ ಸುತ್ತಿದವು. ಕಾರಾಪುರದ ಮಾವುತನ ಮಗ ಸಾಬು 1937ರ 'ಎಲಿಫೆಂಟ್ ಬಾಯ್' ಸಿನಿಮಾದಿಂದ ಹಾಲಿವುಡ್ಡಿನವರೆಗೆ ಹೋದ. ಆದರೆ ಆನೆ ಅಟ್ಟಿದವರ ಮೊಮ್ಮಕ್ಕಳ ಗುಡಿಸಲಲ್ಲಿ ಅಜ್ಜನ ಒಂದು ಚಿತ್ರ ಇಲ್ಲ. ಹಾಡಿಯ ಹಿರಿಯರೊಬ್ಬರು ನನಗೆ ಹೇಳಿದರು: "ಪೋಟ ಹೊಡ್ಕಂಡು ಹೋದೋರು ಭಾಳ ಜನ ಸಾಮಿ. ತಂದು ಕೊಟ್ಟೋರು ಇಲ್ಲ."

ಆ ಮಾತು ಕೇಳಿದ ಮೇಲೆ ಒಂದು ನೇಮ ಇಟ್ಟುಕೊಂಡಿದ್ದೇನೆ. ಯಾವ ಕ್ಯಾಮೆರಾದಲ್ಲೇ ತೆಗೆದಿರಲಿ, ಪ್ರಿಂಟು ಹಾಕಿಸಿ ಚಿತ್ರದಲ್ಲಿರುವವರ ಕೈಗೆ ತಲುಪಿಸುವುದು. ಆರಿಂಚಿಗೆ ನಾಲ್ಕಿಂಚಿನ ಪ್ರಿಂಟಿನಲ್ಲಿ ಸೋನಿಯದೂ ಲೈಕಾದೂ ಹಗಲು ಬೆಳಕಿನ ಚಿತ್ರಗಳಾದರೆ ಬಿಡಿಸಿ ಹೇಳುವುದು ಕಷ್ಟ. ಗೋಡೆಯಗಲಕ್ಕೆ ಹಿಗ್ಗಿಸಿದಾಗ, ಕತ್ತಲಲ್ಲಿ ತೆಗೆದಾಗ ಭೇದ ಎದ್ದು ಕಾಣುತ್ತದೆ. ನಮ್ಮ ಮನೆಗಳಿಗೆ ಬೇಕಾದದ್ದು ಬಹುಮಟ್ಟಿಗೆ ಆರಿಂಚು, ನಾಲ್ಕಿಂಚು. ಪ್ರಿಂಟು ಕೊಡಲು ಹೋದಾಗ ಕಾಫಿ ಕೊಡುತ್ತಾರೆ, ಮನೆಯವರನ್ನೆಲ್ಲ ಕರೆದು ತೋರಿಸುತ್ತಾರೆ, ಇನ್ನೊಂದು ಚಿತ್ರಕ್ಕೆ ತಾವೇ ನಿಲ್ಲುತ್ತಾರೆ. ಎರಡನೆಯ ಆ ಚಿತ್ರ ಮೊದಲಿನದಕ್ಕಿಂತ ಯಾವಾಗಲೂ ಚೆನ್ನಾಗಿರುತ್ತದೆ.

ಹೀಗೆ ಓಡಾಡುತ್ತ ನನಗೆ ಖಚಿತವಾದದ್ದು ಇಷ್ಟು. ಒಳ್ಳೆಯ ಚಿತ್ರಕ್ಕೆ ಸರಿಯಾದ ದೂರ ಒಂದು ಮಾರು. ಅಷ್ಟು ಹತ್ತಿರ ನಿಂತರೆ ಕದಿಯಲಾಗದು, ಕೇಳಿಯೇ ಪಡೆಯಬೇಕು. ಜೇಬಿನ ಕ್ಯಾಮೆರಾ ಆ ಒಂದು ಮಾರಿನ ಹತ್ತಿರಕ್ಕೆ ಹೋಗಲು ಧೈರ್ಯ ಕೊಡುತ್ತದೆ, ಯಾಕೆಂದರೆ ಅದು ಯಾರನ್ನೂ ಅಂಜಿಸುವುದಿಲ್ಲ, ಎಲ್ಲಿಗೆ ಬೇಕಾದರೂ ನಮ್ಮೊಡನೆ ಬಂದಿರುತ್ತದೆ. ರೇಂಜ್‌ಫೈಂಡರ್ ಅಲ್ಲಿಗೆ ಹೋದಮೇಲೆ ನಿಲ್ಲುವುದನ್ನು ಕಲಿಸುತ್ತದೆ. ದೂರವನ್ನು ಕೈಯಾರೆ ಅಳೆಯಬೇಕು, ಬೆಳಕನ್ನು ಯೋಚಿಸಬೇಕು, ಗೆರೆಯಾಚೆಯಿಂದ ಬರಲಿರುವುದಕ್ಕೆ ಕಾಯಬೇಕು. ಆ ಕಾಯುವಿಕೆಯಲ್ಲಿ ಎದುರಿಗಿರುವವರು ನಮಗೆ ಒಗ್ಗುತ್ತಾರೆ, ನಾವೂ ಅವರಿಗೆ ಒಗ್ಗುತ್ತೇವೆ.

ಈಚೆಗೆ ಹುಣಸೂರಿನ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, ನನ್ನ ಹಳೆಯ ವಿದ್ಯಾರ್ಥಿನಿ, ಮನೆಗೆ ಬಂದು, "ಸರ್, ಫೋಟೋಗ್ರಫಿ ಕಲೀಬೇಕು, ಯಾವ ಕ್ಯಾಮೆರಾ ತಗೊಳ್ಳಲಿ?" ಎಂದು ಕೇಳಿದಳು. ಸೆಕೆಂಡ್‌ಹ್ಯಾಂಡ್ ಜೇಬಿನ ಕ್ಯಾಮೆರಾ ಒಂದನ್ನು ತೆಗೆದುಕೋ ಎಂದೆ, ಸೆನ್ಸರು ಒಂದಿಂಚಿನದೆಂದು ಕರೆಯುವ ಅಳತೆಯದಿರಲಿ. ಜೂಮನ್ನು ಒಂದೇ ಅಳತೆಗೆ, 35 ಮಿಲಿಮೀಟರಿಗೆ ನಿಲ್ಲಿಸು, ಹತ್ತಿರ ಬೇಕಾದರೆ ಕಾಲು ಮುಂದಿಡು. ತೆಗೆದ ತಕ್ಷಣ ಪರದೆ ನೋಡಬೇಡ, ಎದುರಿಗಿರುವವರನ್ನು ನೋಡು. ನಿಮ್ಮ ಬ್ಯಾರನ್ನಿನಿಂದಲೇ ಶುರುಮಾಡು, ಅಪ್ಪ ಅಮ್ಮನಿಂದಲೇ. ತಿಂಗಳಿಗೊಮ್ಮೆ ಪ್ರಿಂಟು ಹಾಕಿಸಿ ಹಂಚು. ರಾತ್ರಿಯ ಒಲೆಯ ಮುಂದೆ ಆ ಕ್ಯಾಮೆರಾ ಸೋತಿತು ಎಂದು ನಿನಗೆ ಅನಿಸುವ ದಿನ ಬಂದರೆ ಭಾವನವರ ಲೈಕಾ ಕೊಡುತ್ತೇನೆ, ಅವರು ಬೇಡ ಎನ್ನುವವರಲ್ಲ. ಅಷ್ಟು ಹೊತ್ತಿಗೆ ನಿನಗೆ ನೋಡಲು ಬರುತ್ತಿರುತ್ತದೆ, ಆ ಕ್ಯಾಮೆರಾಕ್ಕೆ ಬೇಕಾದದ್ದೂ ಅದೇ.